ಹದ ಬರುವವರೆಗೆ

ಶುಕ್ರವಾರ ರಾತ್ರಿ ಆರಿದ್ರಾ ಮಳೆ ಚೆನ್ನಾಗಿಯೇ ಬಿದ್ದಿತ್ತು. ಶನಿವಾರ ಬಿಸಿಲಿಗಿಂತ ಗಾಳಿಯೇ ಹೆಚ್ಚಾಗಿತ್ತು. ವಾರದಲ್ಲಿ ನನಗೆಂದು ಸಿಗುವ ಒಂದೇ ದಿನವನ್ನು ಹಿತ್ತಲಿಗೆ ಕೊಡಬೇಕೆಂದು ನಿಶ್ಚಯಿಸಿ, ರವಿವಾರ ಬೆಳಿಗ್ಗೆ ಆರು ಗಂಟೆಗೆ ಒಂದು ಕೈಯಲ್ಲಿ ಕುರ್ಪಿ, ಇನ್ನೊಂದರಲ್ಲಿ ಬೀಜದ ಡಬ್ಬಿ ಹಿಡಿದು ಹಿಂಬಾಗಿಲು ತೆರೆದೆ. ನನಗಿಂತ ಮೊದಲೇ ಎದ್ದು ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಅತ್ತೆ ನನ್ನ ಕೈಯನ್ನೂ ಎದುರಿನ ಮಡಿಗಳನ್ನೂ ಒಮ್ಮೆ ನೋಡಿದರು. "ಇನ್ನಾ ಹದಕ್ಕ ಬಂದಿಲ್ಲ. ಈಗ ಕುರ್ಪಿ ಹಚ್ಚಿದ್ರ ನೆಲಾ ಕೆಡ್ತದ. ಒಳಗ ಹೋಗಿ ಏನರೆ ಓದ್ಕೊತ ಕೂಡು" ಎಂದರು.

ನಾನು ಸುಲಭಕ್ಕೆ ಒಪ್ಪಲಿಲ್ಲ. ಮೇಲ್ಮಣ್ಣು ಬಣ್ಣ ತಿರುಗಿ ಒಣಗಿದಂತೆಯೇ ಕಾಣುತ್ತಿತ್ತು. ಮೊದಲ ಮಡಿಯ ಅಂಚಿನಲ್ಲಿ ಒಂದು ಹೆಜ್ಜೆ ಇಟ್ಟೆ. ಕಾಲು ಮೇಲೆ ಬಂತು, ಚಪ್ಪಲಿ ಅಲ್ಲೇ ಉಳಿಯಿತು. ಅದನ್ನು ಎರಡೂ ಕೈಯಿಂದ ಎಳೆದು ತೆಗೆದಾಗ ಅಡಿಗೆ ಇನ್ನೊಂದು ಚಪ್ಪಲಿಯಷ್ಟು ದಪ್ಪದ ಎರೆಮಣ್ಣು ಮೆತ್ತಿಕೊಂಡಿತ್ತು. ಅತ್ತೆ ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಚಪ್ಪಲಿಯೇ ಹೇಳಿದ್ದರಿಂದ ಅವರು ತಮ್ಮ ಎಲೆಯಡಿಕೆಯ ಚೀಲದ ಕಡೆಗೆ ತಿರುಗಿದರು.

ನಮ್ಮ ಕಲಬುರಗಿಯ ಎರೆ ನೆಲಕ್ಕೆ ಕೆಲಸ ಮಾಡಿಸಿಕೊಳ್ಳುವ ಮನಸ್ಸಿರುವುದು ತೀರ ಕಡಿಮೆ ಹೊತ್ತು. ಮಳೆ ಬಿದ್ದರೆ ಅಂಟು, ಬಿಸಿಲು ಬಿದ್ದರೆ ಇಟ್ಟಿಗೆ; ಇವೆರಡರ ನಡುವೆ ಒಂದು ದಿನವೋ ಅರ್ಧ ದಿನವೋ ಮುಟ್ಟಿದರೆ ಉದುರುವ, ಕೈಗೆ ಹತ್ತದ, ಒಳಗೆ ತಂಪಿರುವ ಮಣ್ಣು. ಅದಕ್ಕೇ ಹದ ಎನ್ನುವುದು. ನಾನು ಪದವಿಪೂರ್ವ ತರಗತಿಗಳಿಗೆ ರಸಾಯನಶಾಸ್ತ್ರ ಹೇಳುವವಳಾದ್ದರಿಂದ ಇದರ ಕಾರಣ ನನಗೆ ಬೇರೆ ಭಾಷೆಯಲ್ಲಿ ಗೊತ್ತು. ದಖ್ಖನಿನ ಬಸಾಲ್ಟ್ ಶಿಲೆ ಸವೆದು ಆದ ಈ ಮಣ್ಣಿನಲ್ಲಿ ಜೇಡಿಯ ಪಾಲು ಬಹಳ ದೊಡ್ಡದು, ಆ ಜೇಡಿಯಲ್ಲಿ ಮೊಂಟ್‌ಮೊರಿಲೊನೈಟ್ ಜಾತಿಯ ಖನಿಜವೇ ಮುಖ್ಯ. ಅದರ ರಚನೆ ಹಾಳೆಗಳ ಕಟ್ಟಿನ ಹಾಗೆ ಪದರ ಪದರವಾಗಿರುತ್ತದೆ. ಪದರಗಳ ನಡುವೆ ನೀರು ಹೊಕ್ಕಾಗ ಹಾಳೆಗಳು ಒಂದರಿಂದೊಂದು ದೂರ ಸರಿದು ಮಣ್ಣು ಉಬ್ಬುತ್ತದೆ, ನೀರು ಹೊರಟುಹೋದಾಗ ಹಾಳೆಗಳು ಮತ್ತೆ ಹತ್ತಿರ ಬಂದು ಮಣ್ಣು ಕುಗ್ಗಿ ಬಿರಿಯುತ್ತದೆ. ಮೇ ತಿಂಗಳಲ್ಲಿ, ಊರಿನ ಬಿಸಿಲು 43 ಡಿಗ್ರಿ ಮುಟ್ಟುವ ದಿನಗಳಲ್ಲಿ, ನಮ್ಮ ಹಿತ್ತಲಿನ ಬಿರುಕುಗಳಲ್ಲಿ ಅಂಗೈ ಇಳಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕುಗಳಿಗೆ ಉದುರಿ ಒಳಗೆ ಸೇರುವುದರಿಂದ, ಎರೆ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂಬ ಮಾತು ಮಣ್ಣಿನ ವಿಜ್ಞಾನದಲ್ಲಿದೆ. ಹೋದ ಬೇಸಿಗೆಯಲ್ಲಿ ನನ್ನ ಕೈಯಿಂದ ಜಾರಿದ ಚಿಕ್ಕ ಕತ್ತರಿಯೊಂದು ಬಿರುಕಿನೊಳಗೆ ಹೋದದ್ದು ಇನ್ನೂ ಸಿಕ್ಕಿಲ್ಲ. ಬಹುಶಃ ಅದನ್ನೂ ಉತ್ತುಕೊಂಡಿರಬೇಕು.

ಇಷ್ಟೆಲ್ಲ ತಿಳಿದೂ ಎರಡು ವರ್ಷದ ಹಿಂದೆ ನಾನು ಹಸಿ ನೆಲವನ್ನೇ ಅಗೆದಿದ್ದೆ. ಸೋಮವಾರ ಕಾಲೇಜು, ಮಂಗಳವಾರ ಕಾಲೇಜು, ಮುಂದಿನ ರವಿವಾರದ ಹೊತ್ತಿಗೆ ನೆಲ ಕಲ್ಲಾಗಿರುತ್ತದೆ ಎಂಬ ಅವಸರದಲ್ಲಿ ಇಡೀ ಮಡಿಯನ್ನು ಸಲಿಕೆಯಿಂದ ಮಗುಚಿ ಹಾಕಿದೆ. ಅಗೆದ ಪ್ರತಿಯೊಂದು ಹೆಂಟೆಯೂ ಒಂದು ಕಡೆ ಸಲಿಕೆಯ ಹೊಳಪು ಹೊತ್ತು ಹಾಗೇ ಒಣಗಿತು. ಆ ಹೆಂಟೆಗಳನ್ನು ಒಡೆಯಲು ಕಲ್ಲು ಬೇಕಾಯಿತು. ಒದ್ದೆಯಾಗಿದ್ದಾಗ ಒತ್ತಿದರೆ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ, ಬೇರಿಗೆ ಉಸಿರಾಡಲು ಆಗುವುದಿಲ್ಲ. ಆ ವರ್ಷದ ಬದನೆ ಗಿಡಗಳು ಮೊಣಕಾಲೆತ್ತರವನ್ನೂ ಮುಟ್ಟಲಿಲ್ಲ. ಅತ್ತೆ ಆಗ ಹಳ್ಳಿಯಲ್ಲಿದ್ದರು, ಇಲ್ಲಿ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಹಿತ್ತಲು ಎಂದರೆ ದೊಡ್ಡದೇನೂ ಅಲ್ಲ, 18 ಅಡಿ ಉದ್ದ, 12 ಅಡಿ ಅಗಲ. ಮನೆ ಕಟ್ಟಿಸಿದವರು ಬಿಟ್ಟುಹೋದ ಮುರುಮು, ಸಿಮೆಂಟಿನ ಚೂರುಗಳನ್ನು ಮೂರು ವರ್ಷ ಆರಿಸಿ ಹೊರಗೆ ಹಾಕಿ, ಕೊಟ್ಟಿಗೆ ಗೊಬ್ಬರ ತುಂಬಿ ಮೂರು ಮಡಿ ಮಾಡಿಕೊಂಡಿದ್ದೇವೆ. ಮೂಡಣ ಗೋಡೆಯ ಕಡೆಗೆ ಕರಿಬೇವು, ಒಂದು ನಿಂಬೆ, ಎರಡು ದಾಸವಾಳ. ಗಮಲಾಗಳಲ್ಲಿ ಗುಲಾಬಿ ಮತ್ತು ಮಲ್ಲಿಗೆ. ಮಡಿಗಳಿಗೆ ಈ ಸಲ ಪುಂಡಿ, ಚವಳಿಕಾಯಿ, ಹೀರೆ ಎಂದು ಮೊದಲೇ ಮಾತಾಗಿತ್ತು. ಹೀರೆಯ ಬೀಜಗಳನ್ನು ನಾನು ಶನಿವಾರ ರಾತ್ರಿಯೇ ನೀರಿನಲ್ಲಿ ನೆನೆಹಾಕಿಬಿಟ್ಟಿದ್ದೆ. ಅವು ಬೆಳಿಗ್ಗೆ ಉಬ್ಬಿ ಸಿದ್ಧವಾಗಿ ಕುಳಿತಿದ್ದವು, ನೆಲ ಸಿದ್ಧವಿರಲಿಲ್ಲ. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ತಂಪು ಮೂಲೆಯಲ್ಲಿಟ್ಟು ಓದಲು ಕುಳಿತೆ.

ಯಜಮಾನರು ಗೃಹಪ್ರವೇಶಕ್ಕೆಂದು ಬೀದರಿಗೆ ಹೋಗಿದ್ದರಿಂದ ಮನೆಯಲ್ಲಿ ಟಿವಿಯ ಸದ್ದಿರಲಿಲ್ಲ. ಪಡಸಾಲೆಯ ಶಹಾಬಾದಿ ಫರಸಿಯ ಮೇಲೆ ಚಾಪೆಯನ್ನೂ ಹಾಸದೆ, ಗೋಡೆಗೆ ಬೆನ್ನು ಕೊಟ್ಟು, ಹಿಂಬಾಗಿಲಿನಿಂದ ಮಡಿಗಳು ಕಾಣುವಂತೆ ಕುಳಿತುಕೊಂಡೆ. ಮೇ ತಿಂಗಳಲ್ಲಿ ಹಂಚಿನಂತೆ ಕಾಯುವ ಈ ಬೂದು ಕಲ್ಲು ಮಳೆಗಾಲದ ಬೆಳಿಗ್ಗೆ ಎಷ್ಟು ಹಿತವಾಗಿರುತ್ತದೆಂದರೆ, ಓದುವ ನೆಪದಲ್ಲಿ ಅದರ ಮೇಲೆ ಕೂರುವುದೇ ಒಂದು ಸುಖ. ಪುಸ್ತಕ ಕವಿರಾಜಮಾರ್ಗ. ಪ್ರತಿ ಪದ್ಯದ ಕೆಳಗೆ ಹೊಸಗನ್ನಡದ ಗದ್ಯಾನುವಾದವಿರುವ ಒಂದು ಹಳೆಯ ಪ್ರತಿ ನನ್ನಲ್ಲಿದೆ. ಇದನ್ನು ನಾನು ಎರಡು ವರ್ಷದಿಂದ ಓದುತ್ತಿದ್ದೇನೆ ಎಂದರೆ ಕನ್ನಡ ಅಧ್ಯಾಪಕರಾದ ನನ್ನ ಸಹೋದ್ಯೋಗಿಗಳು ನಗುತ್ತಾರೆ. ಹಳಗನ್ನಡವನ್ನು ನಾನು ಕ್ರಮವಾಗಿ ಕಲಿತವಳಲ್ಲ. ಒಂದು ರವಿವಾರಕ್ಕೆ ನಾಲ್ಕು ಪದ್ಯ ದಾಟಿದರೆ ಹೆಚ್ಚು. ಅನುವಾದವನ್ನು ಕಾಗದದಿಂದ ಮುಚ್ಚಿಟ್ಟು ಮೊದಲು ಪದ್ಯವನ್ನು ನಾನೇ ಬಿಡಿಸುತ್ತೇನೆ, ಆಮೇಲೆ ಕಾಗದ ಸರಿಸಿ ಎಲ್ಲಿ ತಪ್ಪಿದೆನೆಂದು ನೋಡುತ್ತೇನೆ.

ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಊರಿನ ಅಭಿಮಾನವೇ. ಕನ್ನಡದಲ್ಲಿ ನಮಗೆ ದೊರೆತಿರುವ ಈ ಮೊದಲ ಗ್ರಂಥ ಹುಟ್ಟಿದ್ದು ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಮಳಖೇಡ, ಸೇಡಂ ರಸ್ತೆಯಲ್ಲಿ ಇಲ್ಲಿಂದ 40 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬರೆದವನು ಅರಸನಲ್ಲ, ಅವನ ಒಪ್ಪಿಗೆ ಪಡೆದು ಬರೆದ ಶ್ರೀವಿಜಯ ಎಂಬುದು ಈಗ ವಿದ್ವಾಂಸರಲ್ಲಿ ಬಹುಮಟ್ಟಿಗೆ ನೆಲೆನಿಂತ ಮಾತು. ಓಲೆಗರಿಗಳಲ್ಲಿದ್ದ ಈ ಕೃತಿಯನ್ನು ಕೆ.ಬಿ. ಪಾಠಕರು ಸಂಪಾದಿಸಿ 1898ರಲ್ಲಿ ಅಚ್ಚು ಹಾಕಿಸಿದರು. ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಗೆ ನಿಂತಿರುವ ಕೋಟೆಯ ಗೋಡೆಯೂ, ನಾನು ಕುಳಿತಿದ್ದ ಫರಸಿಯೂ ಒಂದೇ ಸುಣ್ಣಕಲ್ಲಿನ ಪಟ್ಟಿಗೆ ಸೇರಿದವು. ನಮ್ಮ ಅತ್ತೆಯ ತವರೂ ಅದೇ ಕಾಗಿಣೆಯ ದಂಡೆಯ ಮೇಲೆ, ಕೆಳಗೆ ಚಿತ್ತಾಪುರದ ಕಡೆಗೆ ಇದೆ. ಆ ನದಿಯನ್ನು ಅವರು ಬಟ್ಟೆ ಒಗೆಯುವ ನೀರೆಂದು ಬಲ್ಲರು, ನೃಪತುಂಗನ ನದಿಯೆಂದು ಅಲ್ಲ.

ಆ ದಿನ ನಾನು ಬಂದು ನಿಂತಿದ್ದ ಪದ್ಯ ತುಂಬ ಪ್ರಸಿದ್ಧವಾದದ್ದು. ಅದರ ಉತ್ತರಾರ್ಧವನ್ನು, ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಕನ್ನಡಿಗರ ಹೊಗಳಿಕೆಯನ್ನು, ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳದವರಿಲ್ಲ. ನಾನೂ ಎಷ್ಟೋ ಸಲ ಕೇಳಿದ್ದೇನೆ. ಆದರೆ ಪೆನ್ಸಿಲು ಹಿಡಿದು ಅದರ ಮುಂದೆ ಕುಳಿತದ್ದು ಅದೇ ಮೊದಲು. ಕಂದಪದ್ಯವಾದ್ದರಿಂದ ನಾಲ್ಕು ನಾಲ್ಕು ಮಾತ್ರೆಯ ಗಣಗಳು. ಒಂದನೆಯ, ಮೂರನೆಯ ಸಾಲುಗಳಿಗೆ 12 ಮಾತ್ರೆ, ಎರಡನೆಯ, ನಾಲ್ಕನೆಯ ಸಾಲುಗಳಿಗೆ 20. ರಸಾಯನ ಸಮೀಕರಣ ಸರಿದೂಗಿಸುವ ಅಭ್ಯಾಸವಿರುವ ನನಗೆ ಈ ಲೆಕ್ಕ ಒಗ್ಗುತ್ತದೆ. ಗಣ ವಿಂಗಡಿಸಿದಾಗಲೇ ಗಮನಕ್ಕೆ ಬಂದದ್ದೇನೆಂದರೆ, 'ಕುಱಿತೋದದೆಯುಂ' ಎಂಬ ಮಾತು ಸಾಲಿನ ಕೊನೆಯಲ್ಲಿ ನಡುವೆಯೇ ಮುರಿಯುತ್ತದೆ. 'ಕುಱಿತೋ' ಎಂಬುದು ಮೂರನೆಯ ಸಾಲಿನ ತುದಿ, 'ದದೆಯುಂ' ಎಂಬುದು ನಾಲ್ಕನೆಯ ಸಾಲಿನ ಮೊದಲು. ಓದದಿರುವುದನ್ನು ಹೇಳುವ ಮಾತಿನಲ್ಲಿಯೇ ಓದುವವಳು ಮುಗ್ಗರಿಸಬೇಕಾಗುತ್ತದೆ. ಭಾಷಣಗಳಲ್ಲಿ ಇದು ಯಾರಿಗೂ ಕೇಳಿಸುವುದಿಲ್ಲ.

ಆದರೆ ನಾನು ನಿಜವಾಗಿ ಎಡವಿದ್ದು ಪದ್ಯದ ಮೊದಲ ಮಾತಿನಲ್ಲೇ. 'ಪದನಱಿದು ನುಡಿಯಲುಂ' ಎಂದು ಅದು ತೊಡಗುತ್ತದೆ. ಇದರಲ್ಲಿ ಬಿಡಿಸುವುದಕ್ಕೆ ಏನಿದೆ ಎಂದುಕೊಂಡು, ಪದಗಳನ್ನು ಅರಿತು ಮಾತನಾಡಲು ಬಲ್ಲವರು ಎಂದು ಪಕ್ಕದಲ್ಲಿ ಬರೆದುಕೊಂಡೆ. ಪದ ಎಂದರೆ ಶಬ್ದ. ನಮ್ಮ ಕಡೆ ಹಾಡಿಗೂ ಪದ ಎನ್ನುತ್ತೇವೆ, ಮೊಹರಮ್ಮಿನ ಪದ, ಕಡಕೋಳ ಮಡಿವಾಳಪ್ಪನ ತತ್ವಪದ. ಎರಡರಲ್ಲಿ ಯಾವುದನ್ನು ಹಿಡಿದರೂ ಅರ್ಥ ಕೂಡುತ್ತದೆ. ಕಾಗದ ಸರಿಸಿ ನೋಡಿದರೆ ಅನುವಾದದಲ್ಲಿ ಇದ್ದದ್ದು 'ಹದವನ್ನು ಅರಿತು' ಎಂದು. ಇದು ಸಂಸ್ಕೃತದ ಪದವಲ್ಲ, ಅಚ್ಚಗನ್ನಡದ 'ಪದನ್', ಹೊಸಗನ್ನಡದಲ್ಲಿ ಹದನವಾಗಿ, ಹದವಾಗಿ ಉಳಿದಿರುವ ಅದೇ ಮಾತು. ತಮಿಳಿನಲ್ಲಿ ಪಾಕದ ಹದಕ್ಕೆ ಇಂದಿಗೂ 'ಪದಂ' ಎನ್ನುವುದನ್ನು ಆಮೇಲೆ ನಿಘಂಟಿನಲ್ಲಿ ನೋಡಿದೆ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹಿಂಬಾಗಿಲಿನಾಚೆಗೆ ನೋಡಿದೆ. ಬೆಳಿಗ್ಗೆ ಆರಕ್ಕೆ ಅತ್ತೆ ನನಗೆ ಹೇಳಿದ್ದ ಮಾತನ್ನು, ನೆಲದ ವಿಷಯಕ್ಕಲ್ಲದೆ ನುಡಿಯ ವಿಷಯಕ್ಕೆ, ಇಲ್ಲಿಗೆ ಹತ್ತಿರದಲ್ಲೇ ಕುಳಿತು ಒಬ್ಬನು ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆ ಬರೆದಿಟ್ಟಿದ್ದ. ಪುಸ್ತಕದ ಭಾಷೆ ದೂರದ್ದು ಎಂದು ತಿಳಿದು ಇಷ್ಟು ದಿನ ಅದನ್ನು ಒಡೆದು ಓದುತ್ತಿದ್ದ ನನಗೆ, ಮನೆಯೊಳಗಿನ ಮಾತೇ ಅದರಲ್ಲಿ ಕುಳಿತಿದ್ದರೂ ಗುರುತು ಹತ್ತಿರಲಿಲ್ಲ.

ಪಕಾರ ಹಕಾರವಾದ ಕಥೆ ನಾನೂ ಶಾಲೆಯಲ್ಲಿ ಕೇಳಿದ್ದೇ: ಪಾಲು ಹಾಲಾಯಿತು, ಪಾವು ಹಾವಾಯಿತು. 10ನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಕಾಣಿಸಿಕೊಳ್ಳತೊಡಗಿದ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡವನ್ನೆಲ್ಲ ವ್ಯಾಪಿಸಿತು. ಆದರೆ ಅದನ್ನು ಹಿತ್ತಲಿನಲ್ಲಿಟ್ಟು ನೋಡಿರಲಿಲ್ಲ. ಆ ದಿನ ಎರಡನೆಯ ಚಹಾ ಮುಗಿಯುವವರೆಗೆ ಮಾಡಿದ್ದು ಇದೇ ಕೆಲಸ. ಹಿತ್ತಲು ಎನ್ನುವುದೇ ಪಿತ್ತಿಲ್. ಅದರಲ್ಲಿ ಹೂ, ಹಣ್ಣು, ಹುಲ್ಲು, ಹುಳು, ಹಕ್ಕಿ. ಎಲ್ಲಕ್ಕೂ ಒಂದು ಕಾಲಕ್ಕೆ ಪಕಾರವೇ ಮೊದಲು. ಹೀರೆ ಪೀರೆಯಾಗಿತ್ತು, ಅದನ್ನು ಹಬ್ಬಿಸುವ ಹಂದರ ಪಂದರ್ ಆಗಿತ್ತು. ಹಸಿ, ಹಸಿರು, ಹೊಲ, ಕೊನೆಗೆ ಹದ. ತುಟಿಯಲ್ಲಿ ಹುಟ್ಟುತ್ತಿದ್ದ ಒಂದು ಹಿತ್ತಲು ಗಂಟಲಿಗೆ ಸರಿದುಹೋಗಿದೆ ಎನಿಸಿತು. ಪುಂಡಿ ಮಾತ್ರ ಪುಂಡಿಯಾಗಿಯೇ ಉಳಿದಿದೆ. ಹೆಸರಿಗೆ ತಕ್ಕ ಪುಂಡತನ ಅನ್ನಬೇಕು. ಹಾಗೆಂದು ಹಕಾರವೆಲ್ಲ ಪಕಾರದಿಂದಲೇ ಬಂದದ್ದೆಂದು ಹೊರಟರೆ ಇನ್ನೊಂದು ಬಗೆಯ ತಪ್ಪಾಗುತ್ತದೆ. ನಮ್ಮ ಹಿತ್ತಲಿನ ಮೂಲೆಯಲ್ಲಿರುವ ನೀರಿನ ಹೌಜು ಅರಬ್ಬಿಯದು, ಉರ್ದುವಿನ ಕೈಹಿಡಿದು ನಮ್ಮ ಮನೆಗೆ ಬಂದದ್ದು.

ಹೌಜಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕವಿರಾಜಮಾರ್ಗದಲ್ಲೇ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವ ಪದ್ಯವಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡು ಅದು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆ. ರಾಜಧಾನಿ ನಮ್ಮ ಮಳಖೇಡದಲ್ಲಿದ್ದರೂ ತಿರುಳ್ಗನ್ನಡದ ಎಲ್ಲೆಯೊಳಗೆ ಅದಕ್ಕೆ ಜಾಗ ಸಿಗಲಿಲ್ಲ. ಬೆಂಗಳೂರಿನ ತರಬೇತಿ ಶಿಬಿರಗಳಲ್ಲಿ ನನ್ನ ಗಮಲಾ, ಫರಸಿ, ಹೌಜು ಕೇಳಿ ನಕ್ಕವರ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು. ನಮ್ಮ ಕನ್ನಡವನ್ನು ಅಂಚಿನಲ್ಲಿಡುವ ಕೆಲಸ ನಿಜಾಮನ ಕಾಲಕ್ಕಿಂತ ಬಹಳ ಮೊದಲು, ನಮ್ಮದೇ ಊರಿನಲ್ಲಿ ಕುಳಿತು ಬರೆದವನಿಂದಲೇ ಆಗಿದೆ. ಅವನು ಆ ಪದ್ಯವನ್ನು ಓದಿ ಹೇಳಿದಾಗ ಮಾನ್ಯಖೇಟದ ಸಭೆಯಲ್ಲಿ ಯಾರಾದರೂ ಮುಖ ಮುಖ ನೋಡಿಕೊಂಡಿರಬಹುದೇ ಎಂದು ಯೋಚಿಸುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಹನ್ನೆರಡೂವರೆಗೆ ಅಡುಗೆಮನೆಗೆ ಎದ್ದೆ. ರೊಟ್ಟಿ ಅತ್ತೆಯದೇ. ಎಪ್ಪತ್ತೆಂಟು ವರ್ಷವಾದರೂ ಜೋಳದ ಹಿಟ್ಟು ನಾದುವ ಕೆಲಸವನ್ನು ಅವರು ನನಗೆ ಬಿಟ್ಟುಕೊಟ್ಟಿಲ್ಲ. ಎಸರಿನ ಬಿಸಿ ಎಷ್ಟಿರಬೇಕು, ಹಿಟ್ಟಿನ ಹದ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ನನ್ನ ಕೈಯನ್ನು ಅವರು ನಂಬುವುದಿಲ್ಲ. ಪೇಟೆಯ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತ, ಬೆಳಿಗ್ಗೆ ಓದಿದ್ದನ್ನು ಅವರಿಗೆ ಹೇಳಿದೆ. ಮಳಖೇಡದ ರಾಜನ ಕಾಲದ ಪುಸ್ತಕ ಎಂದೆ, ಅದರಲ್ಲಿ ಈ ನಾಡಿನ ಜನ ಹದ ತಿಳಿದು ಮಾತಾಡುವವರು ಎಂದು ಹೊಗಳಿದ್ದಾರೆ ಎಂದೆ, ನೀವು ನೆಲಕ್ಕೆ ಹೇಳುವ ಹದವೇ ಅದು ಎಂದೆ. ನನ್ನ ದನಿಯಲ್ಲಿ ಏನೋ ಕಾಣಿಕೆ ಒಪ್ಪಿಸುವ ಉತ್ಸಾಹ ಇದ್ದಿರಬೇಕು. ಅವರು ತಟ್ಟುತ್ತಿದ್ದ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಹದಾ ತಿಳಿಲಾರದವರು ಯಾರಿದ್ರವ್ವಾ? ಊರಾಗ ಎಲ್ಲಾರಿಗೂ ತಿಳೀತಿತ್ತು. ಎತ್ತು ಬೇಕಲ್ಲ, ಎತ್ತು!"

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಉಳಿದದ್ದನ್ನು ಹೇಳಿದರು. ಮದುವೆಯಾಗಿ ಬಂದಾಗ ಈ ಮನೆಗಿದ್ದದ್ದು ನಾಲ್ಕು ಎಕರೆ ಎರೆ ಹೊಲ, ಎತ್ತಿರಲಿಲ್ಲ. ಬಿತ್ತಬೇಕಾದರೆ ಎತ್ತು ಇದ್ದವರ ಹೊಲಕ್ಕೆ ಮೂರು ದಿನ ಆಳಾಗಿ ಹೋಗಬೇಕು, ಅದಕ್ಕೆ ಪ್ರತಿಯಾಗಿ ಒಂದು ದಿನ ಎತ್ತು ಮತ್ತು ಕೂರಿಗೆ ಸಿಗುತ್ತಿತ್ತು. "ಅವರದು ಮುಗಿದ ಮ್ಯಾಲೆ ನಮ್ಮ ಪಾಳಿ. ಪಾಳಿ ಬರೋದ್ರಾಗ ಹದಾ ಹಾರಿ ಹೋಗಿರ್ತಿತ್ತು. ನಿಮ್ಮ ಮಾವ ಬದುವಿನ ಮ್ಯಾಲೆ ಕುಂತು ನೆಲಾ ಆರೋದು ನೋಡ್ಕೊತ ಕೂಡ್ತಿದ್ರು. ಅವರಿಗೇನು ಹದಾ ತಿಳೀತಿದ್ದಿಲ್ಲೇನು?" ಎಂದು ಕೇಳಿದರು. ಹಾರಿದ ಹದಕ್ಕೆ ಬಿತ್ತಿದ ತೊಗರಿ ಅರ್ಧ ಹುಟ್ಟಿ ಅರ್ಧ ಹುಟ್ಟದೆ, ಒಂದೆರಡು ವರ್ಷ ಬಿತ್ತಿದ ಬೀಜದ ಬೆಲೆಯೂ ಹುಟ್ಟಲಿಲ್ಲವಂತೆ. ಆಮೇಲೆ ಒಂದು ಜೋಡಿ ಹೋರಿ ಕೊಂಡ ವರ್ಷ ಯಾವುದು, ಅದಕ್ಕೆ ಅವರ ಮೈಮೇಲಿನ ಯಾವ ಆಭರಣ ಹೋಯಿತು ಎಂಬುದೂ ಬಂತು. ಮಾವ ತೀರಿಕೊಂಡು ಹದಿನೈದು ವರ್ಷವಾಗಿದೆ. ಈ ಸಂಗತಿಯನ್ನು ನಾನು ಈ ಮನೆಯಲ್ಲಿ ಇಪ್ಪತ್ತೊಂದು ವರ್ಷ ಇದ್ದು ಮೊದಲ ಸಲ ಕೇಳಿದೆ. ಒಂದು ಹಳಗನ್ನಡದ ಪದ್ಯ ಮಧ್ಯೆ ಬಾರದಿದ್ದರೆ ಕೇಳುತ್ತಲೂ ಇರಲಿಲ್ಲವೇನೋ.

ಊಟದ ನಂತರ ಅದೇ ಪದ್ಯಕ್ಕೆ ಮರಳಿದೆ. ಶ್ರೀವಿಜಯ ಧಾರಾಳಿ. ಮುಂದಿನ ಪದ್ಯದಲ್ಲಿ ಕಿರುಮಕ್ಕಳನ್ನೂ ಮೂಗರನ್ನೂ ಜಾಣರ ಸಾಲಿಗೆ ಸೇರಿಸುತ್ತಾನೆ. ಆಮೇಲೆ ಪುಸ್ತಕದ ಉಳಿದ ಭಾಗವನ್ನೆಲ್ಲ ಕಾವ್ಯದ ದೋಷಗಳಿಗೂ ಅಲಂಕಾರಗಳಿಗೂ ಕೊಟ್ಟು, ಸಂಸ್ಕೃತದ ಅಲಂಕಾರಶಾಸ್ತ್ರಕಾರ ದಂಡಿಯ ದಾರಿ ಹಿಡಿದು ನಡೆಯುತ್ತಾನೆ. ನಾಡವರು ಮತ್ತೆ ಇಷ್ಟು ಹೊಗಳಿಕೆಗೆ ಸಿಗುವುದಿಲ್ಲ. ಓದದೆಯೂ ಬಲ್ಲವರೆಂದು ಜನರನ್ನು ಹೊಗಳುವುದರಲ್ಲಿ ಅರಮನೆಗೆ ಖರ್ಚೇನೂ ಇಲ್ಲ ಎಂಬ ಸಣ್ಣ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅತ್ತೆಯ ಮಾತಿನ ನಂತರ ಅದು ಸ್ವಲ್ಪ ಬೇರೆ ರೂಪ ಪಡೆಯಿತು. ಪದ್ಯ ಹೇಳುವುದು ಹದವನ್ನು ಅರಿಯುವುದರ ಬಗೆಗೆ, ಅರಿತ ಮೇಲೆ ನುಡಿಯಲು ಆರ್ಪವರ ಬಗೆಗೆ. 'ಆರ್ಪರ್' ಎಂಬ ಆ ಮಾತಿಗೆ ಶಕ್ತರಾಗುವರು ಎಂದು ಅರ್ಥ. ಅರಿವನ್ನೂ ಶಕ್ತಿಯನ್ನೂ ಕವಿ ಒಂದೇ ಉಸಿರಿನಲ್ಲಿ ಕೊಟ್ಟುಬಿಡುತ್ತಾನೆ. ಬದುವ ಮೇಲೆ ಕುಳಿತ ನಮ್ಮ ಮಾವ ಮೊದಲನೆಯದನ್ನು ಹೊಂದಿದ್ದರು, ಎರಡನೆಯದಕ್ಕೆ ಪಾಳಿ ಕಾಯುತ್ತಿದ್ದರು. ನುಡಿಯ ವಿಷಯದಲ್ಲೂ ಹಾಗೆ ಕಾದವರು ಎಷ್ಟು ಮಂದಿ ಇದ್ದರೋ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಪುಸ್ತಕ ನನ್ನ ಕಪಾಟಿನಲ್ಲಿ ಹನ್ನೊಂದು ವರ್ಷ ತೆರೆಯದೆ ಕುಳಿತಿತ್ತು. ಮಗಳು ಹಾಸ್ಟೆಲ್ಲಿಗೆ ಹೋಗಿ, ಮನೆಯ ಸಾಲ ತೀರಿ, ರವಿವಾರಗಳು ಖಾಲಿಯಾದ ಮೇಲೆ ಅದನ್ನು ಎತ್ತಿಕೊಂಡೆ. ಆಸೆ ಮೊದಲೂ ಇತ್ತು.

ಮಧ್ಯಾಹ್ನ ಸ್ವಲ್ಪ ಹೊತ್ತು ನಿದ್ದೆ ಹತ್ತಿತು. ಎದ್ದು ಗಮಲಾಗಳ ಕೆಲಸ ಮಾಡಿದೆ, ಅವಕ್ಕೆ ಹದದ ಕಾಟವಿಲ್ಲ. ಗುಲಾಬಿಯ ಎಳೆ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು, ನಡುವಿನ ಭಾಗವೆಲ್ಲ ಹಳದಿಯಾಗಿದ್ದವು. ಇದು ನಮ್ಮ ಊರಿನ ಗುಲಾಬಿಗಳ ಹಳೆಯ ಕಾಯಿಲೆ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಸುಣ್ಣ ಹೆಚ್ಚಿ ಮಣ್ಣು ಕ್ಷಾರವಾಗಿರುವುದರಿಂದ ಕಬ್ಬಿಣ ಬೇರಿಗೆ ದೊರೆಯದ ರೂಪದಲ್ಲಿ ಕಟ್ಟುಬಿದ್ದಿರುತ್ತದೆ, ಬೋರಿನ ಗಡಸು ನೀರು ಅದಕ್ಕೆ ಇನ್ನಷ್ಟು ಸುಣ್ಣ ಸೇರಿಸುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಅರ್ಧ ನಿಂಬೆ ಹಿಂಡಿ, ಬಿಸಿಲು ಇಳಿದ ಮೇಲೆ ಎಲೆಗಳಿಗೇ ಸಿಂಪಡಿಸಿದೆ.

ಐದೂಕಾಲಿಗೆ ಅತ್ತೆ ತಾವೇ ಎದ್ದು ಹಿತ್ತಲಿಗೆ ಬಂದರು. ಮೊದಲ ಮಡಿಯಲ್ಲಿ ನಾಲ್ಕು ಬೆರಳು ಆಳಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿದರು, ಸೊಂಟದೆತ್ತರದಿಂದ ಕೆಳಗೆ ಬಿಟ್ಟರು. ಉಂಡೆ ಬಿದ್ದಲ್ಲೇ ಚೆದುರಿ ಜೋಳದ ನುಚ್ಚಿನಂತೆ ಹರಡಿತು. ಅಂಗೈ ತಿರುಗಿಸಿ ನನಗೆ ತೋರಿಸಿದರು; ತೇವದ ಗುರುತಿತ್ತು, ಅಂಟಿದ ಮಣ್ಣಿರಲಿಲ್ಲ. "ಈಗ ಹಚ್ಚು" ಎಂದರು. ಕುರ್ಪಿ ಇಟ್ಟರೆ ನೆಲ ತಾನಾಗಿಯೇ ಬಿಡಿಸಿಕೊಳ್ಳುವಂತಿತ್ತು. ಬೆಳಿಗ್ಗೆ ಚಪ್ಪಲಿ ನುಂಗಿದ ಮಣ್ಣು ಇದೇ ಎಂದು ನಂಬುವುದು ಕಷ್ಟ. ಪುಂಡಿಯ ಬೀಜವನ್ನು ಅತ್ತೆ ಒತ್ತಾಗಿ ಚೆಲ್ಲಿದರು, ಸೊಪ್ಪಿಗೆ ಕೀಳುತ್ತ ಹೋದರೆ ತಾನೇ ತೆಳುವಾಗುತ್ತದೆಂಬ ಲೆಕ್ಕದಲ್ಲಿ. ಎರಡನೆಯ ಮಡಿಯಲ್ಲಿ ನಾನು ಗೇಣಿಗೊಂದರಂತೆ ಚವಳಿ ಊರಿ ಮೇಲೆ ಮಣ್ಣೆಳೆದೆ. ನಡುವೆ ಅವರು ಎರಡು ಸಲ ಆಕಾಶ ನೋಡಿದರು, ನಾನು ಎರಡು ಸಲ ಗಡಿಯಾರ ನೋಡಿದೆ.

ಹೀರೆಗೆಂದು ಇಟ್ಟಿದ್ದ ಮೂರನೆಯ ಮಡಿ ನಿಂಬೆಯ ನೆರಳಿನಲ್ಲಿದೆ. ಅಲ್ಲಿಯ ಮಣ್ಣನ್ನು ಉಂಡೆ ಕಟ್ಟಿ ಬಿಟ್ಟಾಗ ಅದು ಒಡೆಯದೆ ಚಪ್ಪಟೆಯಾಗಿ ಕೂತಿತು. ಒದ್ದೆ ಬಟ್ಟೆ ಬಿಚ್ಚಿ ನೋಡಿದೆ. ಆರು ಬೀಜಗಳಲ್ಲಿ ಎರಡರ ತುದಿಯಲ್ಲಿ ಆಗಲೇ ಬಿಳಿಯ ಮೊಳಕೆ ಇಣುಕುತ್ತಿತ್ತು. ಇವನ್ನು ಇನ್ನೊಂದು ರವಿವಾರದವರೆಗೆ ಇಡಲು ಆಗುವುದಿಲ್ಲ, ಈ ಮಡಿಯನ್ನು ಇಂದು ಮುಟ್ಟುವಂತಿಲ್ಲ. ಬಟ್ಟೆಗೆ ಮತ್ತೆ ನೀರು ಚಿಮುಕಿಸಿ ಸುತ್ತಿಟ್ಟೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಕಾಲಿನ ಮಣ್ಣು ಉದುರಿಸುತ್ತಿದ್ದರು.

"ನಾಳಿ ಬೆಳಿಗ್ಗಿಗೆ ಬರ್ತದ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಕಾಲೇಜ್ ಎಷ್ಟಕ್ಕ?" ಎಂದು ಕೇಳಿದರು.

ಒಂಬತ್ತಕ್ಕೆ ಎಂದೆ. ಮೊಬೈಲಿನಲ್ಲಿ ಐದೂವರೆಗೆ ಅಲಾರಂ ಇಟ್ಟೆ.